ಚಿತ್ರದ ಕೆಳಗೊಂದು ಊರಿನ ಹೆಸರು

ನಮ್ಮ ಯಜಮಾನರು ಕೆಲಸದಲ್ಲಿ ಇದ್ದಷ್ಟು ಕಾಲವೂ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತವರು. ರೋಗಿಯ ಮುಖವನ್ನೇ ನೋಡದ ಡಾಕ್ಟರು. ಯಾರದೋ ಮೈಯಿಂದ ತೆಗೆದು ತಂದ ಚೂರನ್ನು ಗಾಜಿನ ಮೇಲಿಟ್ಟು ನೋಡಿ, ಇದು ಕ್ಯಾನ್ಸರು, ಇದು ಅಲ್ಲ ಎಂದು ಬರೆದು ಸಹಿ ಹಾಕುವುದು ಅವರ ಕಸುಬು. ಅಂಥವರು ಸುಲಭಕ್ಕೆ ಹೌದು ಎನ್ನುವುದಿಲ್ಲ. ಸಾರಿಗೆ ಉಪ್ಪು ಸರಿಯಿದೆಯೇ ಎಂದು ಕೇಳಿದರೂ ಎರಡು ಸಲ ರುಚಿ ನೋಡಿ, "ಇನ್ನೊಂದು ಸ್ಪೂನ್ ಸಾರು ಹಾಕು, ಆಮೇಲೆ ಹೇಳ್ತೀನಿ" ಎನ್ನುವ ಜಾತಿ. ಆದ್ದರಿಂದ ಅವರು ಒಂದು ಚಿತ್ರದ ಮುಂದೆ ನಿಂತು, ಕನ್ನಡಕ ಕೂಡ ಸರಿಮಾಡಿಕೊಳ್ಳದೆ, "ಇದು ನಮ್ಮೂರು" ಎಂದಾಗ ನನಗೆ ನಗು ಬಂತು.

ಎರಡನೆಯ ಲಸಿಕೆ ಹಾಕಿಸಿಕೊಂಡು ನಾವಿಬ್ಬರೂ ಮೊದಲ ಸಲ ಹೊರಗೆ ಹೊರಟ ದಿನ ಅದು. ವರ್ಷಕ್ಕೂ ಮಿಕ್ಕಿ ಮನೆಯೊಳಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಾಕಾಗಿತ್ತು. ನಾವಿರುವ ಅಮೆರಿಕದ ರಾಲಿ ಊರಿನ ಅಂಚಿನಲ್ಲಿ, ನಮ್ಮ ಮನೆಗೆ ಹತ್ತಿರದಲ್ಲೇ, ಒಂದು ಸಣ್ಣ ಕಲಾ ಸಂಗ್ರಹಾಲಯವಿದೆ. ನಾನು ಅಲ್ಲಿ ವಾಲಂಟಿಯರ್ ಗೈಡು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾದ ಮೇಲೂ ಬಾಯಿ ಸುಮ್ಮನಿರಲಿಲ್ಲವಾದ್ದರಿಂದ ಆ ಕೆಲಸ ಹಿಡಿದಿದ್ದೆ. ಬಂದವರನ್ನು ಸುತ್ತಾಡಿಸಿ ಚಿತ್ರಗಳ ಬಗ್ಗೆ ನಾಲ್ಕು ಮಾತು ಹೇಳುವುದು. ಯಜಮಾನರು ಅಷ್ಟು ವರ್ಷಗಳಲ್ಲಿ ಒಂದು ದಿನವೂ ಒಳಗೆ ಬಂದವರಲ್ಲ. ನನ್ನನ್ನು ಬಾಗಿಲಲ್ಲಿ ಇಳಿಸಿ, ಕಾರಿನಲ್ಲೇ ಕೂತು ಕ್ರಿಕೆಟ್ ಸ್ಕೋರ್ ನೋಡುತ್ತಿದ್ದರು. ಅಂದು ಮಾತ್ರ ಕಾರಿನಲ್ಲಿ ಒಬ್ಬರೇ ಕೂರಲು ಬೇಸರವಾಗಿ ನನ್ನ ಹಿಂದೆ ಬಂದರು.

ಆ ಚಿತ್ರವನ್ನು ಈ ಕಡೆಯ ಹಳೆಯ ಮನೆತನವೊಂದು ಸಂಗ್ರಹಾಲಯಕ್ಕೆ ಕೊಟ್ಟಿತ್ತು. ಬರೆದವನು ಹತ್ತೊಂಬತ್ತನೆಯ ಶತಮಾನದ ಒಬ್ಬ ಯುರೋಪಿನ ಚಿತ್ರಕಾರ. ಊರೂರು ತಿರುಗಿದವನು. ದೊಡ್ಡ ಹೆಸರೇನಲ್ಲ. ಇಲ್ಲೂ ಅವನ ಹೆಸರು ಬೇಡ, ಮನೆಯಲ್ಲಿ ನಾವು ಕರೆಯುತ್ತಿದ್ದಂತೆ ಸಾಹೇಬ ಎಂದೇ ಕರೆಯುತ್ತೇನೆ. ಚಿತ್ರದಲ್ಲಿ ಒಂದು ನದಿ, ನೀರಿಗೆ ಇಳಿಯುವ ಅಗಲವಾದ ಕಲ್ಲಿನ ಮೆಟ್ಟಿಲು, ಪಕ್ಕದಲ್ಲಿ ಪುಟ್ಟ ಗುಡಿ, ಗುಡಿಯ ಮೇಲೆ ಬಾಗಿದ ದೊಡ್ಡ ಆಲದ ಮರ, ಕೊಡ ಹೊತ್ತ ಹೆಂಗಸರು, ನೀರಿನಲ್ಲೊಂದು ದೋಣಿ. ಹಿಂದೆ, ಒಂದರ ಮೇಲೊಂದು ಬಂಡೆ ಪೇರಿಸಿದಂಥ ಗುಡ್ಡ. ಎಲ್ಲದರ ಮೇಲೂ ಸಂಜೆಯ ಹಳದಿ ಬೆಳಕು. ಗೋಡೆಯ ಚೀಟಿಯಲ್ಲಿ 'ಭಾರತದ ನದೀತೀರ, ಸಂಜೆ' ಎಂಬರ್ಥದ ಇಂಗ್ಲಿಷ್ ಮಾತಿತ್ತು. ಯಾವ ನದಿ, ಯಾವ ಊರು ಎಂದು ಬರೆದಿರಲಿಲ್ಲ.

ಯಜಮಾನರ ಊರು ತುಂಗಭದ್ರಾ ದಂಡೆಯ ಮೇಲಿದ್ದ ಒಂದು ಹಳ್ಳಿ. ಇದ್ದ ಎಂದೆ, ಯಾಕೆಂದರೆ ಈಗ ಇಲ್ಲ. ಹೊಸಪೇಟೆಯ ಹತ್ತಿರ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಆಗ ಇವರಿಗೆ ಹತ್ತರ ಆಸುಪಾಸು. ಜನ ಮನೆಗಳ ಬಾಗಿಲು, ತೊಲೆ, ಕಂಬ ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಹೊರಟರಂತೆ. ನನಗೆ ಗೊತ್ತಿದ್ದದ್ದು ಅಷ್ಟೇ. ಫೋಟೋ ಒಂದೂ ಇಲ್ಲ. ಮದುವೆಯಾದ ಹೊಸದರಲ್ಲಿ ಕೇಳಿದ್ದೆ, "ನೀರಿನ ಕೆಳಗೆ ಹೋಯ್ತು, ಮುಗೀತು" ಎಂದು ಮಾತು ತಿರುಗಿಸಿದ್ದರು. ಮತ್ತೆ ಕೇಳಿದಾಗಲೂ ಅದೇ ಉತ್ತರ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಎಂಬಲ್ಲಿ ಜಿಲ್ಲೆಯ ಹೆಸರಿದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ, ನಾನು ಹುಟ್ಟಿದ ಬೀದಿ ಈಗಲೂ ಇರುವ ನನಗೆ, ಅದು ಎಂಥ ಕೊರತೆ ಎಂದು ಊಹಿಸಲೂ ಆಗುತ್ತಿರಲಿಲ್ಲ.

"ಬಂಡೆಗುಡ್ಡ ನೋಡಿ ಹೇಳ್ತಿದ್ದೀರಾ? ಆ ಕಡೆಯೆಲ್ಲ ಅಂಥದೇ ಗುಡ್ಡ ಅಲ್ವಾ?" ಎಂದೆ.

"ಗುಡ್ಡ ಅಷ್ಟೇ ಅಲ್ಲ. ಹೊಳಿ ತಿರುವು ನೋಡು. ಗುಡಿ ನೋಡು. ಅಲ್ಲೇ ನಮ್ಮ ಮನಿ ಇತ್ತು, ಆ ಗಿಡದ ಹಿಂದ" ಎಂದು ಗಾಜಿಗೆ ಬೆರಳು ತಾಗುವಷ್ಟು ಮುಂದೆ ಹೋದರು. ಕಾವಲಿನವನು ಕೆಮ್ಮಿದ. ನನಗೆ ಅವರ ಬೆರಳಿಗಿಂತ ಹೆಚ್ಚು ಗಾಬರಿಯಾದದ್ದು ಅವರ ಮಾತಿಗೆ. ಹೊಳಿ, ಮನಿ, ಹಿಂದ! ಮೈಸೂರಿನಲ್ಲಿ ಓದಿ, ನನ್ನನ್ನು ಕಟ್ಟಿಕೊಂಡು, ಅಮೆರಿಕೆಗೆ ಬಂದು ಸವೆಸಿ ಸವೆಸಿ ಸಪಾಟು ಮಾಡಿದ್ದ ಅವರ ಕನ್ನಡದ ಅಡಿಯಿಂದ ಒಂದು ಹಳೆಯ ಕನ್ನಡ ಮೇಲೆದ್ದು ಬಂದಿತ್ತು. ಇದುವರೆಗಿನ ಸಂಸಾರದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ.

ಮನೆಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ. ಚಿತ್ರದ ಕೆಳಗಿನ ಚೀಟಿಯಲ್ಲಿ ಊರಿನ ಹೆಸರು ಬರಬೇಕು. "ಮ್ಯಾಪಲ್ಲಿ ಇಲ್ಲ, ಪಾಸ್‌ಪೋರ್ಟಲ್ಲಿ ಇಲ್ಲ. ನಾನು ಹೋದ್ಮೇಲೆ ಆ ಹೆಸರು ಹೇಳೋರು ಯಾರೂ ಇರೋದಿಲ್ಲ. ಒಂದು ಗೋಡೆ ಮೇಲಾದ್ರೂ ಇರಲಿ. ನೀನು ಅಲ್ಲೇ ಕೆಲಸ ಮಾಡ್ತೀಯಲ್ಲ, ಕೇಳಿ ನೋಡು" ಎಂದರು. ಅವರು ತಮಗಾಗಿ ನನ್ನನ್ನು ಏನನ್ನೂ ಕೇಳಿದವರಲ್ಲ. ಕಾಫಿ ಬೇಕಾದರೂ "ನೀನು ಕುಡಿಯೋದಾದ್ರೆ ನಂಗೂ ಒಂದು ಲೋಟ" ಎನ್ನುವವರು. ಆಗಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಹಾಗೆಂದು ಗಂಡ ಹೇಳಿದ ಎಂದು ಮ್ಯೂಸಿಯಮ್ಮಿಗೆ ಹೋಗಿ ಚೀಟಿ ಬದಲಿಸಿ ಎನ್ನಲಾದೀತೇ? ಮೊದಲು ಈ ಸಾಹೇಬ ಆ ಕಡೆ ಹೋಗಿದ್ದನೋ ಇಲ್ಲವೋ ನೋಡೋಣವೆಂದು ಅವನ ಬದುಕನ್ನು ಕೆದಕಲು ಕೂತೆ. ಅಲ್ಲಿಂದ ಶುರುವಾಯಿತು ನನ್ನ ತಲೆನೋವು. ಉತ್ತರದ ಒಂದು ಚಳಿಯ ಬಂದರಿನಲ್ಲಿ, ಹಡಗಿಗೆ ಹಾಯಿ ಹೊಲಿಯುವವನ ಮಗನಾಗಿ ಹುಟ್ಟಿದವನು. ಸ್ಪೇನು, ಮೊರಾಕೊ, ಈಜಿಪ್ಟು, ಸಿರಿಯಾ ಸುತ್ತಿ, ಕಡೆಗೆ ಹಡಗು ಹತ್ತಿ ಬೊಂಬಾಯಿಗೆ ಬಂದ. ಅಲ್ಲಿಂದ ಕಾಶಿ, ಆಗ್ರಾ, ಮತ್ತೆ ದಕ್ಷಿಣ. ಒಂದೊಂದು ಊರಿನಲ್ಲಿ ಒಂದೆರಡು ದಿನ, ಕೊಡೆ ಹಿಡಿಯಲು ಒಬ್ಬ ಆಳು, ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಪೆನ್ಸಿಲು. ಬಣ್ಣ ಹಚ್ಚಲು ಪುರಸೊತ್ತಿಲ್ಲದೆ, ಇದು ಕೆಂಪು, ಇದು ಸೀಸದ ಬಣ್ಣ ಎಂದು ಅಂಚಿನಲ್ಲಿ ಗೀಚಿಕೊಳ್ಳುತ್ತಿದ್ದ. ಮದರಾಸಿಗೆ ಹೋಗುವ ದಾರಿಯಲ್ಲಿ ಜ್ವರ ಹಿಡಿದು, ಕೆಲವು ವಾರ ಎಲ್ಲಿ ಮಲಗಿದ್ದ ಎಂಬುದು ಯಾರಿಗೂ ಗೊತ್ತಿಲ್ಲ. ಆಮೇಲೆ ಊರಿಗೆ ಮರಳಿದವನು ಮತ್ತೆಂದೂ ಹೊಸ್ತಿಲು ದಾಟಲಿಲ್ಲ. ಉಳಿದ ಬದುಕೆಲ್ಲ, ಹೊರಗೆ ಹಿಮ ಬೀಳುತ್ತಿರುವಾಗ, ಒಳಗೆ ಒಲೆ ಹಾಕಿಕೊಂಡು ಭಾರತವನ್ನು ಬರೆದ.

ಬರೆಯುವ ಬಗೆಯೂ ಚೆನ್ನಾಗಿತ್ತು. ಒಂದು ಹಾಳೆಯ ಗುಡ್ಡ, ಇನ್ನೊಂದು ಹಾಳೆಯ ಮೆಟ್ಟಿಲು, ಮತ್ತೊಂದರ ಮರ ಸೇರಿಸಿ ಒಂದು ಊರು ಮಾಡುತ್ತಿದ್ದ. ಅಲ್ಲಿಯ ಬಿಳಿ ಹೆಂಗಸರಿಗೇ ಬಟ್ಟೆ ಸುತ್ತಿ ಕೊಡ ಹೊರಿಸಿ ನಿಲ್ಲಿಸುತ್ತಿದ್ದ. ನಾನು ಕಣ್ಣು ಕಿರಿದು ಮಾಡಿ ನೋಡಿದೆ, ನಮ್ಮ ಚಿತ್ರದ ಹೆಂಗಸರ ಸೆರಗು ಎಲ್ಲೂ ಸಿಕ್ಕಿಸದೆ ಗಾಳಿಯಲ್ಲಿ ತಾನಾಗಿಯೇ ನಿಂತಿತ್ತು. ಹಾಗೆ ಉಟ್ಟು ಹತ್ತು ಹೆಜ್ಜೆ ನಡೆದರೆ ಮಾನ ಹೋಗುತ್ತದೆ. ವಯಸ್ಸಾದಂತೆ ಅವನ ಭಾರತ ಇನ್ನೂ ಇನ್ನೂ ಹಳದಿಯಾಗುತ್ತ ಹೋಯಿತಂತೆ. ನಾನು ಅವನನ್ನು ಬೈದುಕೊಂಡೇ ಓದಿದೆ, ಆದರೂ ಓದದೆ ಬಿಡಲಾಗಲಿಲ್ಲ. ಬಿಟ್ಟುಬಂದ ಜಾಗವನ್ನು ದೂರ ಕೂತು ಚಂದ ಮಾಡಿಕೊಳ್ಳುವವರನ್ನು ನಾನು ಇಲ್ಲಿಯ ಪ್ರತಿ ಯುಗಾದಿ ಊಟದಲ್ಲೂ ನೋಡಿದ್ದೇನೆ, ಆ ಸಾಲಿನಲ್ಲಿ ನಾನೂ ಕೂತಿದ್ದೇನೆ.

ಇದನ್ನೆಲ್ಲ ಹೇಳಿದರೆ ಯಜಮಾನರು ಜಗ್ಗಲಿಲ್ಲ. ಅಷ್ಟೇ ಅಲ್ಲ, ನನ್ನ ಓದನ್ನೇ ನನ್ನ ಮೇಲೆ ತಿರುಗಿಸಿದರು.

"ತುಂಗಭದ್ರೆಯಲ್ಲಿ ಓಡ್ತಿದ್ದದ್ದು ಹರಿಗೋಲು ಅಂತ ಮೊನ್ನೆ ನೀವೇ ಹೇಳಿದ್ರಿ. ಇಲ್ಲಿ ನೋಡಿದ್ರೆ ಉದ್ದ ಮೂತಿ ದೋಣಿ ಇದೆ" ಎಂದೆ.

"ದೋಣಿ ಸ್ಟುಡಿಯೋದಲ್ಲಿ ಸೇರಿಸಿದ್ದು."

"ಗುಡಿಗೆ ಕಾಶಿ ಕಡೆ ಶಿಖರ ಇದೆಯಲ್ರೀ."

"ಅದೂ ಸ್ಟುಡಿಯೋ."

"ಹಾಗಾದ್ರೆ ನಿಮ್ಮೂರಿಗೆ ಹೊಂದಿದ್ದೆಲ್ಲ ನಿಜ, ಹೊಂದದೇ ಇದ್ದದ್ದೆಲ್ಲ ಸ್ಟುಡಿಯೋ?"

"ಎಕ್ಸಾಕ್ಟ್ಲಿ" ಎಂದು ಪೇಪರು ಬಿಡಿಸಿಕೊಂಡರು. ಇಂಥ ರಿಪೋರ್ಟನ್ನು ಯಾರಾದರೂ ಕಿರಿಯ ಡಾಕ್ಟರು ಬರೆದು ತಂದಿದ್ದರೆ ಹರಿದು ಬಿಸಾಡುತ್ತಿದ್ದ ಮನುಷ್ಯ!

ಚಿತ್ರದ ಒಂದು ದೊಡ್ಡ ಪ್ರಿಂಟ್ ಮಾಡಿಸಿ ಊಟದ ಮೇಜಿನ ಎದುರು ಹಾಕಿಸಿದರು. ಪಕ್ಕದ ಊರು ಡರ್ಹಮ್‌ನಲ್ಲಿ ಓದುತ್ತಿದ್ದ ಮೊಮ್ಮಗಳು ಶನಿವಾರ ಶನಿವಾರ ಊಟಕ್ಕೆ ಬರುತ್ತಿದ್ದಳು. ಅವಳನ್ನು ಎದುರಿಗೆ ಕೂರಿಸಿಕೊಂಡು ಊರು ತೋರಿಸುವುದೇ ತೋರಿಸುವುದು. ಇಲ್ಲಿ ಕುಂಬಾರರ ಮನೆ, ಇಲ್ಲಿ ಶಾಲೆ, ಈ ಕಲ್ಲಿನ ಮೇಲಿಂದ ಹಾರಿ ಈಜು ಕಲಿತದ್ದು. ನನಗೆ ಒಂದು ಕಡೆ ಹೊಟ್ಟೆಕಿಚ್ಚು, ನಾನು ಕೇಳಿದಾಗ ಬಾಯಿ ಬಿಡದವರು ಈಗ ಈ ಹುಡುಗಿಗೆ ಧಾರಾಳವಾಗಿ ಹೇಳುತ್ತಿದ್ದಾರಲ್ಲ ಎಂದು. ಇನ್ನೊಂದು ಕಡೆ ಹೇಳಲಾರದಷ್ಟು ಖುಷಿ. ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟು ನಿಲ್ಲುತ್ತಿದ್ದೆ.

ಆದರೆ ಕಿವಿಗೊಟ್ಟದ್ದರಿಂದಲೇ ಒಂದು ಸಂಗತಿ ಗಮನಕ್ಕೆ ಬಂತು. ಮೊದಮೊದಲು ಮನೆಯ ಮುಂದಿನದು ಬೇವಿನ ಗಿಡ ಎನ್ನುತ್ತಿದ್ದರು. ಯುಗಾದಿಗೆ ಅದರ ಹೂವನ್ನೇ ಕೊಯ್ಯುತ್ತಿದ್ದರಂತೆ. ಕೆಲವು ತಿಂಗಳು ಕಳೆದ ಮೇಲೆ ಅದು ಆಲದ ಮರವಾಯಿತು, ಚಿತ್ರದಲ್ಲಿರುವ ಹಾಗೆ. ಮೆಟ್ಟಿಲು ಕಿರಿದು, ಅಲ್ಲಲ್ಲಿ ಮುರಿದಿತ್ತು ಎಂದದ್ದು ಅಗಲವಾಯಿತು. "ರೀ, ಬೇವು ಅಂದಿದ್ರಲ್ಲ?" ಎಂದೊಮ್ಮೆ ಕೇಳಿದ್ದಕ್ಕೆ, "ನನ್ನೂರು ನಿಂಗೇನ್ ಗೊತ್ತು?" ಎಂದು ಸಿಡುಕಿದರು.

ಮರು ವರ್ಷ ವಾಷಿಂಗ್ಟನ್ನಿನ ಒಂದು ದೊಡ್ಡ ಗ್ರಂಥಾಲಯದಲ್ಲಿ ಸಾಹೇಬನ ಪೆನ್ಸಿಲ್ ಹಾಳೆಗಳಿವೆ ಎಂದು ತಿಳಿಯಿತು. ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಮೂವರೂ ಹೊರಟೆವು. ಮೊಮ್ಮಗಳು ಡ್ರೈವ್ ಮಾಡಿದಳು. ನಾನು ಚಪಾತಿ ಪಲ್ಯ, ಮೊಸರನ್ನ ಕಟ್ಟಿಕೊಂಡಿದ್ದೆ. ವರ್ಜೀನಿಯಾದ ರೆಸ್ಟ್ ಏರಿಯಾದಲ್ಲಿ ಮೊಸರನ್ನ ತಿನ್ನುತ್ತಾ ಅವಳು ಕೇಳಿದಳು, "ತಾತ, ಬಟ್ ಅದು ನಿಮ್ಮ ಊರು ಅಲ್ಲ ಅಂದ್ರೆ? ವಿಲ್ ಯು ಬಿ ಓಕೆ?"

"ಯಾಕೆ ಅಲ್ಲ ಅಂತೀಯ, ಪುಟ್ಟಿ?" ಎಂದರು ಅವರು. ಕೈಯಲ್ಲಿದ್ದ ಚಮಚ ಮಾತ್ರ ಡಬ್ಬಿಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

ಗ್ರಂಥಾಲಯದಲ್ಲಿ ಕೈ ತೊಳೆಸಿ, ಪೆನ್ನು ಹೊರಗಿಡಿಸಿ, ಒಂದೊಂದೇ ಹಾಳೆ ಮುಂದಿಟ್ಟರು. ಮೆಟ್ಟಿಲಿನ ಹಾಳೆ ಸಿಕ್ಕಿತು, ಅಂಚಿನಲ್ಲಿ ಕಾಶಿ ಎಂದು ಸ್ಪಷ್ಟವಾಗಿ ಬರೆದಿತ್ತು. ದೋಣಿಯೂ ಅದರಲ್ಲೇ ಇತ್ತು. ಆಲದ ಮರ ಬೊಂಬಾಯಿಯ ಹತ್ತಿರದ್ದು. ಕೊನೆಗೆ ಗುಡ್ಡದ ಹಾಳೆ ಬಂತು. ಬಂಡೆಗಳು, ನದಿಯ ತಿರುವು, ದಂಡೆಯ ಮೇಲೆ ಗುಡಿಯಂತೆ ಕಾಣುವ ಒಂದು ಚೌಕ. ಜ್ವರದ ಕೈ ಇರಬೇಕು, ಗೆರೆ ನಡುಗಿತ್ತು. ಊರಿನ ಹೆಸರಿಲ್ಲ. ಯಜಮಾನರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ಬಾಗಿ ನೋಡಿದರು. ಮೈಕ್ರೋಸ್ಕೋಪಿನ ಮುಂದೆ ಅವರು ಹೇಗೆ ಕೂರುತ್ತಿದ್ದರೆಂದು ನಾನು ಅಂದೇ ನೋಡಿದ್ದು. "ಗುಡ್ಡ ನಮ್ಮದು" ಎಂದಷ್ಟೇ ಹೇಳಿ ಎದ್ದರು.

ಇರಬಹುದು. ಅಲ್ಲ ಎನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಕಳೆದುಹೋದ ವಾರಗಳಲ್ಲಿ ಸಾಹೇಬ ಆ ದಂಡೆಯ ಮೇಲೆ ಮಲಗಿದ್ದರೂ ಮಲಗಿದ್ದಿರಬಹುದು. ಆ ನದಿಯುದ್ದಕ್ಕೂ ಅಂಥ ತಿರುವು, ಅಂಥ ಗುಡ್ಡ ಬೇಕಾದಷ್ಟಿವೆ ಎಂಬುದೂ ನಿಜವೇ.

ನಾನು ಇದ್ದದ್ದನ್ನು ಇದ್ದ ಹಾಗೆ ನಮ್ಮ ಸಂಗ್ರಹಾಲಯದ ಚಿತ್ರಗಳ ಉಸ್ತುವಾರಿ ನೋಡುವ ಕ್ಯುರೇಟರಿಗೆ ಹೇಳಿದೆ. ಚಿಕ್ಕ ವಯಸ್ಸಿನ ಅಮೆರಿಕನ್ ಹುಡುಗಿ. ನಕ್ಕು ಸಾಗಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಮೂಲ ಚೀಟಿ ಬದಲಿಸಲಾಗುವುದಿಲ್ಲ, ಆದರೆ ಪಕ್ಕದಲ್ಲಿ ಇನ್ನೊಂದು ಹಾಕಬಹುದು ಎಂದಳು. ಈ ಊರಿನಲ್ಲಿ ನೆಲೆಸಿದ ಒಬ್ಬ ವೈದ್ಯರು ಇದನ್ನು ಮುಳುಗಿಹೋದ ತಮ್ಮ ಹಳ್ಳಿಯೆಂದು ಗುರುತಿಸಿದ್ದಾರೆ ಎಂದು, ಹಳ್ಳಿಯ ಹೆಸರಿನ ಸಮೇತ. ಅವರು ಬಂದು ನೋಡಿ ಒಪ್ಪಿದರೆ ಸಾಕು.

ಆ ದಿನ ಯಜಮಾನರು ಸೂಟು ಹಾಕಿದರು. ಮಗಳ ಮದುವೆಯ ಸೂಟು, ಈಗ ಹೆಗಲಿನಿಂದ ಜಾರುತ್ತಿತ್ತು. ಕ್ಯುರೇಟರ್ ಅಚ್ಚಾದ ಚೀಟಿಯ ಮಾದರಿಯನ್ನು ಚಿತ್ರದ ಪಕ್ಕ ಹಿಡಿದು ನಿಂತಿದ್ದಳು. ಅದರ ಮೇಲೆ ಊರಿನ ಹೆಸರು ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ. ಕನ್ನಡದ್ದನ್ನು ಮೊಮ್ಮಗಳು ಟೈಪ್ ಮಾಡಿ ಕೊಟ್ಟಿದ್ದಳಂತೆ, ನನಗೂ ಹೇಳಿರಲಿಲ್ಲ. ನನ್ನ ಕಣ್ಣು ತುಂಬಿಬಂತು. ಸಾಹೇಬ ಎಲ್ಲಿಗಾದರೂ ಹೋಗಿರಲಿ, ಮೆಟ್ಟಿಲು ಕಾಶಿಯದೇ ಆಗಿರಲಿ, ಈ ಮುದುಕರಿಗೆ ಒಂದು ಗೋಡೆ ಸಿಕ್ಕಿತಲ್ಲ ಎನಿಸಿತು.

"ಸರಿಯಿದೆಯೇ ಡಾಕ್ಟರ್, ಹೀಗೇ ಹಾಕಲೇ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

ಅವರು ಚೀಟಿಯ ಮೇಲಿನ ಹೆಸರನ್ನು ಓದಿದರು. ಚಿತ್ರ ನೋಡಿದರು. ಮತ್ತೆ ಹೆಸರು ಓದಿದರು. ಆಮೇಲೆ ಕಣ್ಣು ಮುಚ್ಚಿ ನಿಂತರು. ತಲೆ ಸುತ್ತಿತೇನೋ ಎಂದು ನಾನು ತೋಳು ಹಿಡಿದೆ. ಕಣ್ಣು ತೆರೆದು ಆ ಹುಡುಗಿಗೆ, "ಕ್ಷಮಿಸು, ನಿನಗೆ ತೊಂದರೆ ಕೊಟ್ಟೆ. ಇದು ನಮ್ಮ ಊರಲ್ಲ. ಈ ಹೆಸರು ಹಾಕಬೇಡ" ಎಂದರು. ಅವಳು ನನ್ನ ಮುಖ ನೋಡಿದಳು.

ಕಾರಿಗೆ ಬರುವವರೆಗೆ ತಡೆದುಕೊಂಡೆ. ಬಾಗಿಲು ಹಾಕಿದ್ದೇ ಸಿಟ್ಟು ಒತ್ತರಿಸಿ ಬಂತು. "ಏನ್ರೀ ಇದು? ವಾಷಿಂಗ್ಟನ್‌ವರೆಗೂ ಹೋಗಿ ಬಂದ್ವಿ. ನಿಮಗೋಸ್ಕರ ಅವರು ಚೀಟಿ ಪ್ರಿಂಟ್ ಮಾಡಿಸಿದ್ರು. ಆ ಮಗು ಕೂತು ಟೈಪ್ ಮಾಡಿದೆ. ಈಗ ಅಲ್ಲ ಅಂತೀರಲ್ಲ!"

ಅವರು ಸೀಟ್ ಬೆಲ್ಟ್ ಹಿಡಿದುಕೊಂಡು ಕೂತಿದ್ದರು. ಆಮೇಲೆ ಹೇಳಿದರು, "ಹೆಸರು ಓದಿ ಕಣ್ಣು ಮುಚ್ಚಿದೆ, ನಮ್ಮೂರು ನೋಡೋಣ ಅಂತ. ಈ ಚಿತ್ರಾನೇ ಕಾಣ್ತು. ಅವನ ಮೆಟ್ಟಿಲು, ಅವನ ಗಿಡ, ಆ ಹಳದಿ ಬೆಳಕು. ನಮ್ಮ ಬೇವಿನ ಗಿಡ ಎಷ್ಟು ನೆನಪು ಮಾಡಿಕೊಂಡ್ರೂ ಬರವಲ್ದು. ಆ ಕಲ್ಲಿನ ಮ್ಯಾಲಿಂದ ಹಾರತಿದ್ದೆ ಅಂದ್ನೆಲ್ಲ, ಅದು ನಮ್ಮೂರಿನ ಕಲ್ಲೋ, ಇವನ ಕಲ್ಲೋ ನಂಗ ಗೊತ್ತಿಲ್ಲ. ಊರು ನೀರಾಗ ಹೋತು, ಅದು ಸರ್ಕಾರದ ಕೆಲಸ. ನನ್ನ ತಲ್ಯಾಗ ಉಳಿದಿದ್ದನ್ನ ನಾನಾ ಮುಳುಗಿಸಿಬಿಟ್ನೆಲ್ಲ."

ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ತಂದೆ ತೀರಿಕೊಂಡ ಸುದ್ದಿ ಬಂದಾಗಲೂ ಅತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಇಳಿದು, ಆ ಸಾಹೇಬನ ಮೇಲೆ ತಿರುಗಿತು. ಸತ್ತು ನೂರು ವರ್ಷ ದಾಟಿದವನು ನಮ್ಮ ಊಟದ ಮೇಜಿನ ಎದುರು ಕೂತು ಇವರ ಊರನ್ನು ತುಸುತುಸುವಾಗಿ ಅಳಿಸಿ ತನ್ನದನ್ನು ಬರೆದುಬಿಟ್ಟಿದ್ದ. ಅವರ ಕೈ ನನ್ನ ಕೈಯಲ್ಲಿಟ್ಟುಕೊಂಡು ಕೂತೆ. ಪಾರ್ಕಿಂಗ್ ಲಾಟ್ ಖಾಲಿಯಾಗುತ್ತಿತ್ತು. ಕೊನೆಗೆ ಕೇಳಿದೆ, "ಅವನಿಗೆ ಬರೆಯೋಕೆ ಆಗದೇ ಇರೋಂಥದ್ದು ಏನಾದ್ರೂ ಇದ್ದೇ ಇರುತ್ತೆ. ಒಂದು ಹೇಳಿ ನೋಡೋಣ."

ಅವರು ತಲೆಯಾಡಿಸಿದರು. ಇಲ್ಲ ಎಂದೋ, ಗೊತ್ತಿಲ್ಲ ಎಂದೋ. ನಾನು ಕಾರು ಸ್ಟಾರ್ಟ್ ಮಾಡಿ ರಸ್ತೆಗಿಳಿದೆ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆಯ ತಿರುವು ಬರುವ ಹೊತ್ತಿಗೆ, ನನಗಲ್ಲ, ತಮಗೇ ಎಂಬಂತೆ ಮಾತಾಡತೊಡಗಿದರು.

"ಬ್ಯಾಸಿಗ್ಯಾಗ ಮಧ್ಯಾಹ್ನ ಹೊಳಿ ಮೆಟ್ಟಿಲು ಕಾದು ಕಾಲು ಸುಡ್ತಿತ್ತು. ಬರಿಗಾಲಾಗ ಹತ್ತಾಕ ಆಗ್ತಿರಲಿಲ್ಲ. ನಮ್ಮವ್ವ ಕೊಡ ತುಂಬಿಕೊಂಡು ಮುಂದ ಹೋಗ್ತಿದ್ಲು, ಬೇಕಂತ ನೀರು ತುಳುಕಿಸಿಕೋತ. ನೀರು ಬಿದ್ದಲ್ಲೆ ಕಲ್ಲು ತಂಪಾಗ್ತಿತ್ತು. ನಾನು ಹಿಂದಿಂದ, ಆ ಹಸಿ ಇದ್ದಲ್ಲೆ ಕಾಲಿಟ್ಟು ಕಾಲಿಟ್ಟು ಹತ್ತತಿದ್ದೆ."

ನಾನು ಕಾರನ್ನು ಮನೆಯ ಮುಂದೆ ನಿಲ್ಲಿಸಿದೆ. ಇಂಜಿನ್ ಆರಿಸಿದೆ. ಅವರು ಇಳಿಯಲಿಲ್ಲ.

"ಅದು ನಮ್ಮೂರು" ಎಂದರು.